ಕಿವಿಯಿಲ್ಲದ ಮೂಟೆ

ಚಾಮರಾಜನಗರದ ಕೋರ್ಟಿನ ಎದುರು ನಾನು ಅಫಿಡವಿಟ್ ಟೈಪ್ ಮಾಡುತ್ತೇನೆ. ಈ ಕಸುಬಿನವನಿಗೆ ಕುತೂಹಲ ಇರಬಾರದು; ಹೇಳಿದ್ದನ್ನು ಕುಟ್ಟಿ ಮುಂದಿನವರನ್ನು ಕರೆಯಬೇಕು. ನನಗೋ ಊರ ಉಸಾಬರಿಯೆಲ್ಲ ಬೇಕು. ಹಾಗಾಗಿಯೇ ಹಂಗಳದ ಸೋಮಮ್ಮನ ಕತೆಗೆ ಸಿಕ್ಕಿಬಿದ್ದೆ.

ಸೋಮಮ್ಮ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೂಟೆಯ ಬಾಯಿ ಹೊಲಿಯುವವಳು. ಜೊತೆಗೆ ಹೊಲಿಯುತ್ತಿದ್ದ ರಂಗನಾಯಕ ಈಗ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾಗಿ ಜೈಲಿನಲ್ಲಿದ್ದಾನೆ. ಮಂಡಿಯ ಗುಮಾಸ್ತ ಶಿವಸ್ವಾಮಿಯ ಹೆಣ ಒಂದು ಬೆಳಿಗ್ಗೆ ಹೊಲಿದ ಗೋಣಿಚೀಲದೊಳಗೆ ಸಿಕ್ಕಿತ್ತು. ಪಕ್ಕದಲ್ಲೇ ಗೋಣಿ ಹೊಲಿಯುವ ದಬ್ಬಳ ಬಿದ್ದಿತ್ತು. ಹಿಂದಿನ ವಾರ ಅವನಿಗೂ ರಂಗನಾಯಕನಿಗೂ ಜಗಳವಾಗಿದ್ದನ್ನು ಹತ್ತು ಜನ ನೋಡಿದ್ದರು. "ಈ ದಬ್ಬಳ ಯಾರದು?" ಎಂದು ಕೋರ್ಟಿನಲ್ಲಿ ಕೇಳಿದಾಗ, ಹಿಡಿಗೆ ಸುತ್ತಿದ್ದ ನೀಲಿ ವೈರನ್ನು ನೋಡಿ "ರಂಗನಾಯಕಂದು" ಎಂದವಳು ಈ ಸೋಮಮ್ಮನೇ.

ಈಗ ಹೈಕೋರ್ಟಿನಲ್ಲಿ ಅಪೀಲು. ರಂಗನಾಯಕನ ಪರ ವಕೀಲ ರಾಜಶೇಖರ್ ಅಫಿಡವಿಟ್ ಮಾಡಿಸಲು ಇವಳನ್ನು ನನ್ನ ಬಳಿ ಕಳಿಸಿದ್ದರು.

"ಅವತ್ತು ಕೋರ್ಟಲ್ಲಿ ಆ ಚೀಲನೂ ಮೇಜಿನ ಮ್ಯಾಲೆ ಮಡಗಿದ್ರು ಕಣಣ್ಣ. ಅದ್ಕೆ ಕಿವಿ ಇರ್ನಿಲ್ಲ," ಎಂದಳು.

ಕಿವಿ ಎಂದರೆ ಹಮಾಲರು ಹಿಡಿದೆತ್ತಲೆಂದು ಚೀಲದ ಎರಡೂ ಮೂಲೆಯಲ್ಲಿ ಬಿಡುವ ಜುಟ್ಟು. ಅದನ್ನು ಬಿಡದೆ ಹೊಲಿದರೆ ಹಮಾಲರು ಹೊಲಿದವರ ವಂಶವನ್ನೇ ಜಾಲಾಡುತ್ತಾರಂತೆ. ರಂಗನಾಯಕ ಕಿವಿ ಬಿಡದೆ ಎಂದೂ ಹೊಲಿದವನಲ್ಲ. ಅಂದಿನಿಂದ ಸೋಮಮ್ಮನಿಗೆ ಒಂದೇ ಹುಚ್ಚು, ಅದು ಯಾರ ಕೈ? ಮಂಡಿಯ ಒಂದೊಂದು ಮೂಟೆಯನ್ನೂ ಬಗ್ಗಿ ನೋಡುತ್ತ ಬಂದಿದ್ದಾಳೆ.

ಹೊಲಿಗೆಯಲ್ಲಿ ಕೈ ಗುರುತು ಸಿಗುತ್ತದೆಂದರೆ ನಾನು ನಂಬುವವನಲ್ಲ. ಒಂದು ಸೋಮವಾರ ಗುಂಡ್ಲುಪೇಟೆಗೇ ಹೋಗಿ, ಆರು ಮೂಟೆ ತೋರಿಸಿ, ಹೇಳಿ ನೋಡೋಣ ಎಂದೆ.

"ಇದು ಮಾದೇಶಂದು, ಎಳ್ದು ಎಳ್ದು ಗೋಣೀನೇ ಅರೀತಾನೆ. ಇದು ಕುಮಾರಿದು, ಸೋಂಬೇರಿ, ನಾಕು ಒಲಿಗೆ ಕಮ್ಮಿ."

ಐದು ಸರಿಯಾಗಿತ್ತು. ಆರನೆಯದನ್ನು ಮುಟ್ಟಿ "ನಮ್ಮೋರ್ದಲ್ಲ" ಎಂದಳು. ವಿಚಾರಿಸಿದರೆ ಅದು ಆ ಬೆಳಿಗ್ಗೆ ಹೊರಗಿನ ಲಾರಿಯಲ್ಲಿ ಬಂದದ್ದು. ನಾನು ಬೆಪ್ಪಾದೆ.

ಆದರೂ ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. "ಹೆಣ ಹೊಲಿಯುವವನಿಗೆ ಕಿವಿ ಬಿಡುವ ವ್ಯವಧಾನ ಎಲ್ಲಿರುತ್ತಮ್ಮ?" ಎಂದೆ.

"ಅದೂ ದಿಟವೇ. ಎದ್ರುಕಂಡ್ರೆ ಕೈ ತಪ್ಬೌದು," ಎಂದು ಒಪ್ಪಿಕೊಂಡಳು. ಹೇಳಿಕೊಟ್ಟ ಸಾಕ್ಷಿಯಾಗಿದ್ದರೆ ಹಾಗೆ ಒಪ್ಪುತ್ತಿರಲಿಲ್ಲ. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಮರುದಿನ ನನ್ನ ಅಂಗಡಿಯಲ್ಲಿ ಅವಳ ಅಫಿಡವಿಟ್ ಟೈಪ್ ಮಾಡುತ್ತ ಸುಮ್ಮನೆ ಕೇಳಿದೆ: "ಆ ದಬ್ಬಳವನ್ನು ರಂಗನಾಯಕನ ಕೈಯಲ್ಲಿ ಕೊನೆಯ ಸಲ ಯಾವಾಗ ನೋಡಿದಿರಿ?"

ಸೋಮಮ್ಮ ಕೂತಿದ್ದ ಸ್ಟೂಲನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಹೆಣ ಸಿಕ್ತಲ್ಲ, ಅದರ ಹಿಂದಿನ ದಿನ ನನ್ ದಬ್ಬಳ ಮುರ್ದೋಗಿತ್ತು. ಅವಂದ ನಾನೇ ತಕಂಡಿದ್ದೆ."

"ವಾಪಸು ಕೊಟ್ಟಿರಾ?"

"ಸೂಜಿ ದಬ್ಬಳನ ಕೈಗೆ ಕೊಟ್ರೆ ಜಗಳಾಯ್ತದಲ್ವಾ? ಸಂಜೆ ಖಾಲಿ ಚೀಲದ ಅಟ್ಟಿಗೆ ಚುಚ್ಬುಟ್ಟು ಮನೆಗೋದೆ. ಅವ ಕಿತ್ಕಂಡ್ನೋ, ಇನ್ಯಾರು ಕಿತ್ಕಂಡ್ರೋ, ನಾ ಕಾಣೆ."

ಆ ಮಂಡಿಯಲ್ಲಿ ಎಲ್ಲರದೂ ಅದೇ ರೂಢಿ. ದಬ್ಬಳವನ್ನು ಚೀಲಕ್ಕೆ ಚುಚ್ಚಿಡುತ್ತಾರೆ, ಬೇಕಾದವರು ಕಿತ್ತುಕೊಳ್ಳುತ್ತಾರೆ. ಹಾಗಿದ್ದರೆ ಆ ಸಂಜೆ ಅಲ್ಲಿ ಕಾಲಿಟ್ಟ ಯಾರ ಕೈಗೆ ಬೇಕಾದರೂ ಅದು ಹೋಗಿರಬಹುದು. ತೀರ್ಪು ಕೊಟ್ಟವರಿಗೆ ಇದು ಗೊತ್ತೇ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಇದನ್ನು ಆಗಲೇ ಯಾಕಮ್ಮ ಹೇಳಲಿಲ್ಲ?"

"ಯಾರ್ದು ಅಂತ ಕೇಳುದ್ರು, ಏಳ್ದೆ. ಯಾರ್ ತವ ಇತ್ತು ಅಂತ ಯಾರೂ ಕೇಳ್ನಿಲ್ಲ. ಆಮೇಕೆ ಬಯ ಆಯ್ತು."

ಭಯ ಈಗ ನನಗೂ ಆಯಿತು. "ಇದನ್ನು ಬರೆದರೆ ಪೊಲೀಸರು ನಿಮ್ಮ ಬಾಗಿಲಿಗೇ ಬರುತ್ತಾರೆ. ಕಿವಿಯ ವಿಷಯ ಅಷ್ಟೇ ಬರೆಯಲೇ?"

"ಬರ್ಲಿ, ಕೇಳ್ಲಿ," ಎಂದಳು. "ಯಾರೂ ಕೇಳ್ದೆ ಇದ್ದುದ್ಕೇ ಅಲ್ವಾ ಅವ ಒಳಗಿರೋದು? ಬರ್ಕಳಿ."

'ಹಿಂದಿನ ದಿನ ಸಂಜೆಯವರೆಗೆ ಆ ದಬ್ಬಳ ನನ್ನ ಕೈಯಲ್ಲಿತ್ತು, ಆಮೇಲೆ ಖಾಲಿ ಚೀಲದ ಅಟ್ಟಿಗೆ ಚುಚ್ಚಿಟ್ಟೆ' ಎಂದು ಟೈಪ್ ಮಾಡಿದೆ. ಆ ಸಾಲನ್ನು ಎರಡು ಸಲ ಓದಿಸಿಕೊಂಡು, ಅದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.