ಎಣ್ಣೆಗಾಲಿನ ಕಾಕು

ನಮ್ಮ ಎದುರುಮನೆಯ ಕಾಕುವಿನ ಕಾಲುಗಳು ಹೊಳೆಯುತ್ತಿದ್ದವು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಅವುಗಳ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವುದು ಅವಳ ಕೆಲಸ. ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಹುಟ್ಟಿದ ಮಕ್ಕಳ ಮೈಯೆಣ್ಣೆಯೆಲ್ಲ ಆ ಕಾಲುಗಳಿಗೆ ಇಳಿದಿತ್ತು. ವಯಸ್ಸಾದ ಹೆಂಗಸರ ಹಿಮ್ಮಡಿ ಒಣಗಿ ಬಿರಿಯುತ್ತದಲ್ಲ, ಅವಳದು ಹಾಗಿರಲಿಲ್ಲ. ಹತ್ತಿರ ಕೂತರೆ ಕೊಬ್ಬರಿ ಎಣ್ಣೆ ಮತ್ತು ಲೋಬಾನದ ವಾಸನೆ ಬರುತ್ತಿತ್ತು.

ಅವಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಓದುವವರು ಬೇಸರಪಡಬಾರದು. ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ "ಚಹಾ ಕುಡೀತೀರೇನ್ರಿ ಕಾಕು" ಅಂದಿದ್ದೆ. "ನಾ ಏನ್ ನಿಮ್ಮ ಆಫೀಸಿನ ಸಾಹೇಬ್ರನವಾ? ಹಂಗ ರೀ ಹಚ್ಚಿ ಕರದ್ರ ನಿಮ್ಮ ಮನಿ ಚಹಾನ ಕುಡಿಯಂಗಿಲ್ಲ" ಎಂದು ಸೆರಗು ಕೊಡವಿ ಎದ್ದಿದ್ದಳು. ಅಂದಿನಿಂದ ಅವಳು ನನಗೆ ನೀ, ನಾನು ಅವಳಿಗೆ ನೀ.

ಕಮತಗಿಯಲ್ಲಿ ಹುಟ್ಟಿ, ಇಳಕಲ್ಲಿನ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು. ಮಗ ಮಗ್ಗದ ಮೇಲೆ ಕೂತರೆ ಇವಳು ಓಣಿಯ ಬಾಣಂತಿಯರ ಮನೆ ಹಿಡಿಯುತ್ತಿದ್ದಳು. ಎಂಥ ಕೂಸನ್ನೂ ಅವಳು "ಧಣ್ಯಾರ" ಎಂದೇ ಮಾತಾಡಿಸುವುದು. "ಏನ್ರಿ ಧಣ್ಯಾರ, ಯಾಕ ಇಷ್ಟ ಸಿಟ್ಟು? ನೀರು ಬಿಸಿ ಆದುವೇನು?" ಕೂಸು ಕಿಟಾರನೆ ಕಿರುಚಿಕೊಂಡು ತಾಯಿ ಗಾಬರಿಯಾದರೆ ಹೇಳುತ್ತಿದ್ದ ಮಾತು ಒಂದೇ: "ಕೂಸು ಅತ್ರ ಅಂಜಬ್ಯಾಡ. ಸುಮ್ಮನಾದ್ರ ಅಂಜು."

ನಮಗೆ ಮಕ್ಕಳಾಗಲಿಲ್ಲ. ಹುಬ್ಬಳ್ಳಿ, ಬೆಳಗಾವಿ ಎಲ್ಲ ಕಡೆ ತೋರಿಸಿ ಸಾಕಾಗಿ ಬಿಟ್ಟಿದ್ದೆವು. ಓಣಿಯಲ್ಲಿ ಯಾರ ಮನೆಯಲ್ಲಾದರೂ ತೊಟ್ಟಿಲ ಕಾರ್ಯಕ್ರಮವಿದ್ದರೆ ಕರೆಯುತ್ತಿದ್ದರು, ಊಟಕ್ಕೆ ಬಡಿಸುತ್ತಿದ್ದರು, ಆದರೆ ಕೂಸನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುವಾಗ ಅದು ಹೇಗೋ ನನ್ನ ಪಕ್ಕದವಳಿಗೇ ಹೋಗುತ್ತಿತ್ತು. ಯಾರೋ ಬೇಕಂತ ಮಾಡುತ್ತಿದ್ದರು ಅಂತಲ್ಲ. ಆದರೂ ನಾನು ಊಟ ಮುಗಿಸಿದ್ದೇ ತಡ ಎದ್ದು ಬರುತ್ತಿದ್ದೆ. "ಏನರ ವಿಶೇಷ ಐತೇನವಾ?" ಎಂದು ನನ್ನನ್ನು ಒಮ್ಮೆಯೂ ಕೇಳದ ಹೆಂಗಸು ಓಣಿಯಲ್ಲಿ ಕಾಕು ಒಬ್ಬಳೇ. ಅದಕ್ಕೇ ಅವಳು ನನಗೆ ಬೇಕಾದವಳಾಗಿದ್ದಳು.

ಬಾಗಲಕೋಟೆಯಲ್ಲಿ ಅನಾಥ ನಾಯಿಗಳನ್ನು ಇಟ್ಟುಕೊಂಡು ಸಾಕುವ ಒಂದು ಶೆಲ್ಟರ್ ಇದೆ. ನನ್ನ ಗಂಡ ಗ್ರಾನೈಟ್ ಫ್ಯಾಕ್ಟರಿಯ ಕೆಲಸದ ಮೇಲೆ ಆ ಕಡೆ ಹೋದಾಗ ನೋಡಿಕೊಂಡು ಬಂದು, "ಒಂದು ಮರಿ ತರೋಣೇನು?" ಎಂದು ಹೆದರಿ ಹೆದರಿ ಕೇಳಿದರು. ಇಬ್ಬರೂ ಹೋಗಿ ಕಂದು ಬಣ್ಣದ ಒಂದು ಗಂಡುಮರಿಯನ್ನು ಆರಿಸಿಕೊಂಡೆವು. ಶೆಲ್ಟರಿನ ಹುಡುಗಿ ಬಸ್ ಸ್ಟ್ಯಾಂಡಿನ ತನಕ ಬಂದು ಹೇಳಿ ಕಳಿಸಿದಳು: "ಹೊಸಾ ಜಾಗ, ಅಂಜಿರತೈತ್ರಿ. ಸ್ವಲ್ಪ ದಿನ ಸುಮ್ಮನ ಬಿಡ್ರಿ. ಜಳಕ ಬ್ಯಾಡ. ಇಲ್ಲಿ ತಿನ್ನೋದನ್ನ ಕೊಟ್ಟೇನಿ, ಅದನ್ನ ಹಾಕ್ರಿ. ಒಂದ ಇಂಜೆಕ್ಷನ್ ಆಗೇತಿ, ಇನ್ನೂ ಬಾಕಿ ಅದಾವ, ಬೀದಿನಾಯಿ ಹತ್ರ ಬಿಡಬ್ಯಾಡ್ರಿ. ತಿನ್ನೋದು ಬಿಟ್ರ ನನಗ ಫೋನ್ ಮಾಡ್ರಿ."

ಎಲ್ಲ ಚೆಂದ ಕೇಳಿಸಿಕೊಂಡು ಬಂದೆವು. ಆದರೆ ನಮ್ಮ ಓಣಿಗೆ ಇದನ್ನೆಲ್ಲ ಹೇಳುವವರು ಯಾರು! ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಕಾಕು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಸದಾಗಿ ಮನೆಗೆ ಬಂದ ಜೀವ, ಆರತಿಯಿಲ್ಲದೆ ಒಳಗೆ ಕರೆಯುವುದುಂಟೆ? ಹಣೆಗೆ ಕುಂಕುಮ ಬಿತ್ತು. ಆಮೇಲೆ, "ಶೀ, ಹೊಲಸು ನಾರತೈತಿ" ಎಂದು ಕಾಲು ನೀಡಿ ಕೂತಳು. ಮರಿ ಆ ಹೊಳೆಯುವ ಕಾಲುಗಳ ಮೇಲೆ ಅಂಗಾತ ಬಿತ್ತು. ಮೈಗೆ ಎಣ್ಣೆ, ಮೇಲೆ ಬಿಸಿನೀರು, ಲೋಬಾನದ ಹೊಗೆ, ಕೊನೆಗೆ ತುಪ್ಪ ಹಾಕಿದ ಹೋಳಿಗೆ. "ಜಳಕ ಬ್ಯಾಡ ಅಂದಾರ ಕಾಕು" ಅಂದೆ. "ಅಂದಾಕಿ ಎಷ್ಟ ಕೂಸು ಎರದಾಳ? ನೀ ಸುಮ್ಕಿರು" ಅಂದಳು. ಸಂಜೆಗೆ ಮರಿ ಓಣಿಯ ಮನೆಮನೆಗೂ ಹೋಗಿ ಬಂತು, ಅಲ್ಲಲ್ಲಿ ಒಂದೊಂದು ಬಿಸ್ಕೀಟು ತಿಂದು ಬಂತು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ನನ್ನ ಮನೆಗೆ ಬಂದದ್ದನ್ನು ಜನ ಎತ್ತಿ ಆಡಿಸಿದ್ದು ಅದೇ ಮೊದಲು.

ಮೊದಮೊದಲು ಮರಿ ಕುಂಯ್ ಕುಂಯ್ ಎನ್ನುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಸುಮ್ಮನಾಯಿತು. ಗೋಣಿಚೀಲದ ಮೇಲೆ ಮಲಗಿದ್ದು ಏಳಲಿಲ್ಲ. "ನೋಡು, ಎಷ್ಟು ಶಾಣ್ಯಾ ಆಗೇತಿ, ಮನಿ ರೂಢಿ ಆತು" ಅಂದರು ನನ್ನ ಗಂಡ. ನಾನೂ ಹೌದೆಂದುಕೊಂಡೆ. ಹಾಲು ಇಟ್ಟೆ, ಮೂಸಲಿಲ್ಲ. ಸ್ವಲ್ಪ ಹೊತ್ತಿಗೆ ಹಳದಿ ನೊರೆ ವಾಂತಿ ಮಾಡಿತು, ಹಿಂದೆಯೇ ನೀರಿನಂಥ ಭೇದಿ. ಗಂಡ ಮನೆಯಲ್ಲಿದ್ದ ಭೇದಿ ಮಾತ್ರೆಯ ಅರ್ಧ ಮುರಿದು ಪುಡಿ ಮಾಡತೊಡಗಿದರು.

ಅಷ್ಟರಲ್ಲಿ ಚಹಾಕ್ಕೆಂದು ಕಾಕು ಬಂದಳು. ಬಾಗಿಲಲ್ಲೇ ನಿಂತಳು.

"ಯಾಕ, ಧಣಿ ಯಾಕ ಸುಮ್ಮನದಾನ?"

ಯಾರ ಉತ್ತರಕ್ಕೂ ಕಾಯದೆ ಕೂತು, ಮರಿಯ ಬಾಯಲ್ಲಿ ಬೆರಳಿಟ್ಟಳು. ಅವಳ ಮುಖ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಬಾಯಿ ಒಣಗೇತವಾ. ಆ ಗುಳಗಿ ಒಗಿ ಅತ್ತಾಗ. ಕೂಸಾಗಿದ್ರ ಈಗ ಏನ್ ಮಾಡ್ತಿದ್ವಿ? ದವಾಖಾನಿಗಿ ಓಡ್ತಿದ್ವಿಲ್ಲೊ? ಇದಕ್ಕೇನ್ ಬ್ಯಾರೆ ಐತೇನು? ನಡಿ, ನಡಿ."

ದನದ ದವಾಖಾನೆಯ ಡಾಕ್ಟರು ನಮ್ಮ ಕಡೆಯವರೇ ಆದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಸಡು ಒತ್ತಿ ನೋಡಿದರು, ಚರ್ಮ ಹಿಡಿದು ಬಿಟ್ಟು ನೋಡಿದರು, ಪರೀಕ್ಷೆ ಮಾಡಿದರು. "ಪಾರ್ವೋ ಐತ್ರಿ" ಅಂದರು. ಮರಿಗಳಿಗೆ ಬರುವ ಕೆಟ್ಟ ಭೇದಿ; ಒಂದಕ್ಕೊಂದು ಅಂಟುತ್ತದೆ; ಮೈಯಲ್ಲಿ ನೀರು ಬತ್ತದಂತೆ ಸಲೈನು ಏರಿಸುತ್ತ ಕಾಯಬೇಕು. "ಲಗೂನ ತಂದೀರಿ, ಅದಽ ಚಲೋ ಆತು. ಆದ್ರ ಉಳೀತೈತಿ ಅಂತ ಈಗ ನಾ ಮಾತು ಕೊಡಂಗಿಲ್ಲ."

ಕಾಕು ಸಣ್ಣ ದನಿಯಲ್ಲಿ ಕೇಳಿದಳು: "ಡಾಕ್ಟರಬಾಯಿ, ನಾ ಎಣ್ಣಿ ಹಚ್ಚಿ ಎರದೇನ್ರಿ. ಹೋಳಿಗಿ ತಿನಿಸೇನಿ. ನನ್ನ ಕೈಯಿಂದ ಆತೇನ್ರಿ ಇದು?"

"ರೋಗ ನಿಮ್ಮ ಕೈಯಿಂದ ಬಂದಿಲ್ಲಬೇ, ಮೊದಲಽ ಮೈಯಾಗಿತ್ತು. ಆದ್ರ ಅಂಜಿ ಬಂದ ಮರಿಗಿ ಜಳಕ, ಹೋಳಿಗಿ, ಓಣಿ ತುಂಬ ಮೆರವಣಿಗಿ, ಇವೆಲ್ಲಾ ಬ್ಯಾಡಾಗಿದ್ದುವು. ಇನ್ನ ಮ್ಯಾಲೆ ಒಂದು ಖೋಲ್ಯಾಗ ಇಡ್ರಿ. ಒಬ್ಬರ ನೋಡಕೋರಿ. ಬ್ಲೀಚಿಂಗ್ ಪೌಡರಿನ ನೀರಿಲೆ ನೆಲಾ ಒರಸ್ರಿ. ವಾಂತಿ ನಿಲ್ಲೂತನಕ ಬಾಯಾಗ ಏನೂ ತುರುಕಬ್ಯಾಡ್ರಿ. ದಿನಾ ಇಲ್ಲಿ ತಂದು ಸಲೈನ್ ಹಾಕಿಸ್ರಿ. ಶೆಲ್ಟರಿಗೂ ತಿಳಸ್ರಿ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದು ಮಾಡಿಕೊಂಡು ತಮ್ಮ ಮನೆ ಸೇರುತ್ತಿದ್ದರು. ಕಾಕು ದವಾಖಾನೆಯ ಮೆಟ್ಟಿಲಿಳಿಯುತ್ತಲೇ ನನ್ನ ಕೈಯಿಂದ ಫೋನು ಮಾಡಿಸಿದಳು. "ಮೊದಲ ಆ ಹುಡುಗಿಗಿ ಹೇಳು. ಒಂದಽ ತಾಯಿ ಹೊಟ್ಟೀವು ಇನ್ನೂ ಅಲ್ಲೇ ಅದಾವಲ್ಲ." ಆ ಹುಡುಗಿ ಹೋಗಿ ನೋಡಿದರೆ ಅಲ್ಲಿಯೂ ಒಂದು ಮರಿ ಮಂಕಾಗಿ ಕೂತಿತ್ತಂತೆ. ಅದಕ್ಕೂ ಆಗಲೇ ಔಷಧ ಶುರುವಾಯಿತು, ಅದೂ ಉಳಿಯಿತು.

ನಮ್ಮದು ಹಳೆಯ ಮನೆ. ಅಡುಗೆಮನೆಯ ಪಕ್ಕ ಕಿಟಕಿ ಸಣ್ಣದಿರುವ ಒಂದು ಕೋಣೆ ಇದೆ. ಹಿಂದಿನವರು ಅದನ್ನು ಬಾಣಂತಿ ಕೋಣೆ ಎನ್ನುತ್ತಿದ್ದರು. ನಾವು ಅದರಲ್ಲಿ ಹಳೆಯ ಸೂಟ್‌ಕೇಸು, ಖಾಲಿ ಸಿಲಿಂಡರು ತುಂಬಿ ಬಾಗಿಲು ಮುಂದೆ ಮಾಡಿಟ್ಟಿದ್ದೆವು. ನಾನಂತೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕಾಕು ಆ ಬಾಗಿಲನ್ನು ತೆಗೆಸಿದಳು. ಸಾಮಾನು ಹೊರಗೆ ಬಿತ್ತು. ನೆಲ ತೊಳೆದು, ಒಂದು ಮೂಲೆಗೆ ಹಳೆಯ ಸೀರೆ ಹಾಸಿ ಮರಿಯನ್ನು ಮಲಗಿಸಿದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅದರ ಕೆಳಗೆ ಕಾಲು ಅದ್ದಲು ಬ್ಲೀಚಿಂಗ್ ನೀರಿನ ಬೋಗುಣಿ ಇಟ್ಟಳು. "ಬೇವಿನ ಸೊಪ್ಪು ಡಾಕ್ಟರು ಹೇಳಿಲ್ಲ" ಅಂದೆ. "ಬ್ಯಾಡಾನೂ ಅಂದಿಲ್ಲ" ಅಂದಳು.

"ನೀ ಒಳಗಿರು, ನಾ ಹೊರಗಿರ್ತೇನಿ" ಎಂದು ಹಂಚಿಕೆ ಮಾಡಿದವಳೂ ಅವಳೇ. ನಾನು ಆಫೀಸಿಗೆ ರಜೆ ಹಾಕಿ ಒಳಗೆ ಕೂತೆ. ಅವಳು ಕಸಬರಿಗೆ ಹಿಡಿದು ಹೊರಗಿನ ಹೊಸ್ತಿಲಲ್ಲಿ ಕೂತಳು. ಬಾಣಂತಿಯ ಕೋಣೆಗೆ ಹೊರಗಿನವರು ನುಗ್ಗದಂತೆ ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮರಿಯನ್ನು ನೋಡುತ್ತೇವೆಂದು ಬಂದವರೆಲ್ಲ ಅಲ್ಲಿಂದಲೇ ತಿರುಗಿ ಹೋದರು. ಮೂಲೆಮನೆಯವಳು ನಕ್ಕಳು: "ನಾಯಿಕುನ್ನಿಗಿ ಬಾಣಂತನ ಏನಬೇ ಕಾಕು?"

"ಹೂಂ, ಬಾಣಂತನನ. ನಿನ್ನ ಬಾಣಂತನಾನೂ ನಾನಽ ಮಾಡೇನಿ, ಆವಾಗ ಯಾರೂ ನಕ್ಕಿರಲಿಲ್ಲ. ಹೊರಗ ನಿಂದ್ರು. ನಿಮ್ಮ ಮನ್ಯಾಗೂ ನಾಯಿ ಐತಿ, ಇಲ್ಲಿಂದು ಕಾಲಿಗಿ ಹಚಗೊಂಡು ಹೋಗಬ್ಯಾಡ."

ಒಳಗೆ ನಾನು ಒರೆಸುತ್ತಿದ್ದೆ, ಮತ್ತೆ ಒರೆಸುತ್ತಿದ್ದೆ. ಆ ವಾಸನೆ ಮೂಗಿನಿಂದ ಹೋಗುತ್ತಿರಲಿಲ್ಲ. ಮರಿ ಕಣ್ಣು ಅರ್ಧ ತೆರೆದು ಸುಮ್ಮನೆ ಬಿದ್ದಿರುತ್ತಿತ್ತು. ಅದು ಹೋದರೆ ಜನ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎನ್ನುತ್ತಾರೆ. ಬಾಯಿ ಬಿಟ್ಟು ಅನ್ನದಿದ್ದರೂ ಮನಸ್ಸಿನಲ್ಲಿ ಅನ್ನುತ್ತಾರೆ. ಒಂದು ಮಧ್ಯಾಹ್ನ ತಡೆಯಲಾರದೆ ಅತ್ತುಬಿಟ್ಟೆ. ಹೊಸ್ತಿಲಿನಿಂದ ಕಾಕುವಿನ ದನಿ ಬಂತು: "ಅಳು. ನೀ ಅತ್ರ ನನಗ ಅಂಜಿಕಿಲ್ಲ. ಆ ಧಣಿ ಒಂದೀಟು ಅಳಲಿ ಅಂತ ಕುಂತೇನಿ ನಾ."

ದಿನವೂ ದವಾಖಾನೆಗೆ ಹೋಗುವುದು, ಸಲೈನು ಹಾಕಿಸಿ ತರುವುದು. ವಾಂತಿ ನಿಂತಿತು. ಆದರೂ ಅದು ಬಾಯಿ ತೆರೆಯಲಿಲ್ಲ. ಕೊನೆಗೊಂದು ಬೆಳಿಗ್ಗೆ ನಾನು ಕೋಣೆಯ ಕಸ ತೆಗೆಯುತ್ತಿರುವಾಗ, ಹೊರಗೆ ಕಾಕುವಿನ ಮಗ ತಂದಿಟ್ಟ ರೊಟ್ಟಿಯ ವಾಸನೆ ಹತ್ತಿರಬೇಕು, ಮರಿ ತಲೆಯೆತ್ತಿ ಗೋಳೋ ಎಂದು ಒದರಿತು. ಎಂಥ ಒದರಾಟ ಅಂತೀರಿ! ಕಾಕು ಕಸಬರಿಗೆ ಒಗೆದು, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟು, ಒಳಗೆ ಬಂದಳು. "ಅಳ್ರಿ ಧಣ್ಯಾರ, ಇನ್ನಷ್ಟು ಅಳ್ರಿ" ಎಂದು ನಗುತ್ತ ಕಣ್ಣೊರೆಸಿಕೊಂಡಳು. ಡಾಕ್ಟರು ಹೇಳಿದ ಹಾಗೆ ತೆಳ್ಳಗೆ ಬೇಯಿಸಿದ ಅನ್ನದ ಒಂದು ಚಮಚವನ್ನಷ್ಟೇ ಕೊಟ್ಟೆವು. ಅದು ಸಾಲದೆಂದು ಮರಿ ಅವಳ ಸೆರಗು ಕಚ್ಚಿ ಎಳೆಯಿತು. ಆ ಸೆರಗಿನ ಹರಕನ್ನು ಅವಳು ಓಣಿಗೆಲ್ಲ ತೋರಿಸಿ ಬಂದಳು.

ಮರಿ ಅಂಗಳದಲ್ಲಿ ಓಡಾಡತೊಡಗಿದ ಮೇಲೆ ಕಾಕು ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆದರೆ ಅಂಟಿನ ಉಂಡಿ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟಿದ್ದು. ನಮ್ಮ ಕಡೆ ಹೆತ್ತವಳ ಸೊಂಟ ಗಟ್ಟಿಯಾಗಲೆಂದು ತಿನ್ನಿಸುವ ಉಂಡಿ. ಓಣಿಯ ಎಷ್ಟೋ ಮನೆಗಳಲ್ಲಿ ಅದನ್ನು ಕಟ್ಟುವುದನ್ನು ನೋಡಿದ್ದೆ. ನನಗೆಂದು ಯಾರೂ ಕಟ್ಟಿರಲಿಲ್ಲ.

"ಕಾಕು, ಇದು ಬಾಣಂತ್ಯಾರಿಗಿ ಕೊಡೋದಲ್ಲೇನು?"

"ನಿದ್ದಿಗೆಟ್ಟಾಕಿ ಯಾರು? ಹೊಲಸು ಬಳದಾಕಿ ಯಾರು? ಆ ಕ್ವಾಣ್ಯಾಗ ಕುಂತು ಎದ್ದಾಕಿ ಯಾರು?" ಅಂದಳು. "ತಿನ್ನು."

ನಾನು ತಿಂದೆ. ಅಳುತ್ತ ತಿಂದೆ. ಅವಳು ಬಸಿಯಲ್ಲಿ ಚಹಾ ಸುರುವಿಕೊಂಡು, ಏನೂ ಆಗಿಲ್ಲವೆಂಬಂತೆ ಊದಿ ಊದಿ ಕುಡಿದಳು. ಅದಾದ ಮೇಲೆ ಓಣಿಯ ತೊಟ್ಟಿಲ ಕಾರ್ಯಕ್ರಮಗಳಲ್ಲಿ ಕೂಸನ್ನು ಅವಳು ನೇರ ತಂದು ನನ್ನ ತೊಡೆಯ ಮೇಲೇ ಹಾಕುತ್ತಿದ್ದಳು. "ಹಿಡಕೊ, ನಿನಗ ರೂಢಿ ಐತಿ" ಅನ್ನುತ್ತಿದ್ದಳು.

ಕಾಕು ಹೋದ ವರ್ಷ ಚಳಿಗಾಲದಲ್ಲಿ, ಸ್ವಲ್ಪೇ ದಿನ ಮಲಗಿ, ತೀರಿಕೊಂಡಳು. ಕೊನೆಯ ಸ್ನಾನಕ್ಕೆ ಹೆಂಗಸರೆಲ್ಲ ಸೇರಿದಾಗ ಎಣ್ಣೆಯ ಬಟ್ಟಲನ್ನು ಅವಳ ಸೊಸೆ ನನ್ನ ಕೈಗೂ ಕೊಟ್ಟಳು. ಆ ಕಾಲುಗಳಿಗೆ ಎಣ್ಣೆ ಹಚ್ಚಿದೆ. ಆಗಲೂ ನುಣುಪಾಗಿದ್ದವು. ನಮ್ಮ ಧಣಿ ಈಗ ಎತ್ತರಕ್ಕೆ ಬೆಳೆದು, ಯಾರ ಮಾತನ್ನೂ ಕೇಳದೆ, ಎರಡೂ ಮನೆಯ ನಡುವೆ ದಾರಿಗೆ ಅಡ್ಡ ಮಲಗುತ್ತಾನೆ.

ಹೋದ ತಿಂಗಳು ನಮ್ಮ ಓಣಿಯ ಪವರ್‌ಲೂಮಿನಲ್ಲಿ ಕೆಲಸ ಮಾಡುವ, ಒಂದೇ ಖೋಲಿಯಲ್ಲಿ ಒಬ್ಬನೇ ಇರುವ, ದಪ್ಪ ಮೀಸೆಯ ಗಂಡಸೊಬ್ಬ ಅದೇ ಶೆಲ್ಟರಿನಿಂದ ಒಂದು ಮರಿ ತಂದ. ಮಾರನೆಯ ದಿನವೇ ಓಡಿ ಬಂದ. "ಅಕ್ಕಾರ, ಏನೂ ತಿನ್ನವಲ್ದುರಿ, ಹೊಟ್ಟಿ ಬ್ಯಾರೆ ಉಬ್ಬೇತಿ. ಕಾಕು ಅಂತೂ ಇಲ್ಲ, ನೀವಽ ಬರ್ರಿ." ಹೋದೆ. ಓಣಿಯ ಹೆಂಗಸರು ಹೊರಡಿಸಿದ್ದ ಆರತಿ, ಜಳಕ ಎರಡನ್ನೂ ಬಾಗಿಲಲ್ಲೇ ನಿಲ್ಲಿಸಿದೆ. ಬಾಯಲ್ಲಿ ಬೆರಳಿಟ್ಟು ನೋಡಿದೆ, ಒದ್ದೆ ಇತ್ತು. ಆದರೂ ದವಾಖಾನೆಗೆ ಕರೆದುಕೊಂಡು ಹೋದೆ. ಜಂತುಹುಳ ಅಂದರು ಡಾಕ್ಟರು, ಔಷಧ ಕೊಟ್ಟರು. ಅವನು ಪಾಳಿ ಬಿಟ್ಟು ಕೂತು ನೋಡಿಕೊಂಡ. ಮರಿ ಚೇತರಿಸಿಕೊಂಡಿತು.

ನಿನ್ನೆ ಅದೇ ಸ್ಟೀಲ್ ಡಬ್ಬಿ ಹಿಡಿದು ಹೋದೆ. ಅವನು ಮುಚ್ಚಳ ತೆಗೆದು ಗಾಬರಿಯಾದ.

"ಅಕ್ಕಾರ, ಇದು ಬಾಣಂತ್ಯಾರು ತಿನ್ನೋದಲ್ರೇನು?"

"ಹೊಲಸು ಬಳದಾವ ಯಾರು?" ಅಂದೆ. "ತಿನ್ನು."

ನಾಚಿಕೊಂಡು, ಮೀಸೆಗೆಲ್ಲ ಬೆಲ್ಲ ಹತ್ತಿಸಿಕೊಂಡು ತಿಂದ. ಉಂಡಿ ಸ್ವಲ್ಪ ಗಟ್ಟಿಯಾಗಿತ್ತು, ಕಾಕುವಿನ ಕೈ ನನಗೆಲ್ಲಿ ಬರಬೇಕು? ತನಗೂ ಬೇಕೆಂದು ಮರಿ ಅವನ ಕಾಲಿಗೆ ಜೋತು ಬಿದ್ದು ಓಣಿಗೆಲ್ಲ ಕೇಳುವಂತೆ ಒದರತೊಡಗಿತು. ಅವನು ಹೆದರಿ ನನ್ನ ಮುಖ ನೋಡಿದ.

"ಅಳಲಿ ಬಿಡು" ಅಂದೆ. "ಅತ್ರ ಅಂಜಬ್ಯಾಡ."