ಕೋವಿ ನಿಂದು, ಕಾಡತೂಸು ನಂದು

ಟೀವಿಯಲ್ಲಿ ಆಟ ನಡೆಸಿಕೊಡುತ್ತಿದ್ದ ಒಬ್ಬರು ಮೊನ್ನೆ ಕೊನೆಯ ಸಲ ಕೈ ಮುಗಿದು ಹೊರಟರು. ವಯಸ್ಸಾಯಿತು, ಇನ್ನು ಸಾಕು ಎಂದರು. ಎದುರಿಗಿದ್ದ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಶಾಲು ಹೊದಿಸಿದರು, ಯಾರೋ ಹಾರ ಹಾಕಿದರು. ನನ್ನ ಸೊಸೆ ಸೋಫಾದ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಆ ಮನುಷ್ಯನ ಕೈಗಳನ್ನೇ ನೋಡುತ್ತಿದ್ದೆ. ಬೆರಳುಗಳೆಲ್ಲ ನೆಟ್ಟಗಿದ್ದವು. "ನಿಮಗೆ ಬೇಜಾರಾಗಲ್ವಾ ಅತ್ತೆ?" ಎಂದಳು. ಇಷ್ಟು ಸುಲಭವಾಗಿ ಬಿಟ್ಟು ಹೋಗುವುದಕ್ಕಾಯಿತಲ್ಲ, ಪುಣ್ಯವಂತ ಎಂದೆ. ಅವಳು ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದಳು.

ನಮ್ಮೂರಿನಲ್ಲೂ ಆಟ ನಡೆಸಿಕೊಡುವವರು ಒಬ್ಬರಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ. ಚೆಟ್ಟಳ್ಳಿಯಿಂದ ಆಚೆ, ಕಾಫಿ ತೋಟಗಳ ನಡುವಿನ ಊರು ನಮ್ಮದು. ಅವರು ಶಾಲೆಯ ಡ್ರಿಲ್ ಮಾಸ್ಟರು. ಕೈಲ್ ಮುಹೂರ್ತ ಹಬ್ಬದ ದಿನ ಬೆಳಿಗ್ಗೆ ಮನೆಯ ಕೋವಿ, ಕತ್ತಿಗಳನ್ನೆಲ್ಲ ದೀಪದ ಮುಂದಿಟ್ಟು ಪೂಜೆ ಮಾಡುತ್ತಿದ್ದೆವು. ಮಧ್ಯಾಹ್ನ ಹಂದಿಕರಿ, ಕಡುಬು, ಅದರ ಜೊತೆಗೆ ಧಾರಾಳವಾಗಿ ಸಾರಾಯಿ. ಆಮೇಲೆ ಗಂಡಸರೆಲ್ಲ ಕೋವಿಯನ್ನು ಹೆಗಲಿಗೇರಿಸಿ ಶಾಲೆಯ ಮೈದಾನಕ್ಕೆ ಬರುತ್ತಿದ್ದರು. ಅಲ್ಲಿ ದೊಡ್ಡ ಹಲಸಿನ ಮರದ ನೆತ್ತಿಗೆ ಬಿದಿರು ಕಟ್ಟಿ, ಅದರ ತುದಿಯಲ್ಲಿ ಒಂದು ತೆಂಗಿನಕಾಯಿ. ಯಾರ ಈಡಿಗೆ ಅದರ ನೀರು ಕೆಳಗೆ ಬೀಳುತ್ತದೋ ಅವರು ಗೆದ್ದಂತೆ.

ಕುಡಿದ ಗಂಡಸರು, ಕೈಯಲ್ಲಿ ಕೋವಿ, ಮನೆಮನೆಗೂ ಒಂದೊಂದು ಹಳೆಯ ಜಗಳ. ಅಲ್ಲಿ ಹೆಣ ಬೀಳದೆ ಇದ್ದದ್ದಕ್ಕೆ ಒಂದೇ ಕಾರಣ ಡ್ರಿಲ್ ಮಾಸ್ಟರು. ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಮಾಡಿಸಿದ ತುತ್ತೂರಿಯೊಂದು ಅವರ ಹತ್ತಿರ ಇತ್ತು. ಅದನ್ನು ಬಾಯಿಗಿಟ್ಟು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಎಲ್ಲರಿಂದ ಮೊದಲೇ ಇಸಿದುಕೊಂಡ ಕಾಡತೂಸುಗಳೆಲ್ಲ ಅವರ ಖಾಕಿ ಚಡ್ಡಿಯ ಜೇಬಿನಲ್ಲಿ. "ಕೋವಿ ನಿಂದು, ಕಾಡತೂಸು ನಂದು" ಎಂದು ಒಂದೇ ಒಂದನ್ನು ತೆಗೆದು ಕೈಗೆ ಹಾಕುವರು. ಜೋಡುನಳಿಗೆ ಕೋವಿ ತಂದವನಿಗೂ ಒಂದೇ. ಈಡು ಹೊಡೆದ ತಕ್ಷಣ ಕೋವಿಯನ್ನು ಅವರ ಕೈಗೆ ಕೊಡಬೇಕು. ಅವರು ಮಡಚಿ, ನಳಿಗೆಯೊಳಗೆ ಇಣುಕಿ ನೋಡಿ, ಪಕ್ಕಕ್ಕೆ ಒರಗಿಸಿಟ್ಟ ಮೇಲೆ ಬೇಕಾದರೆ ಜಗಳ ಮಾಡಬಹುದು. ಕೋವಿ ಇಲ್ಲದೆ ಜಗಳ ಮಾಡುವುದಕ್ಕೆ ಯಾರಿಗೂ ಅಷ್ಟು ಉತ್ಸಾಹ ಇರುತ್ತಿರಲಿಲ್ಲ.

ಉಳಿದದ್ದೆಲ್ಲ ಅವರ ಬಾಯಿ. ಮೀಸೆ ತಿರುವುತ್ತ ಬಂದ ಒಬ್ಬ ಪ್ಲಾಂಟರ್ ಗುರಿ ತಪ್ಪಿದಾಗ, "ಕಾಯಿಗೆ ಏನೂ ಆಗಿಲ್ಲ. ಆದ್ರೆ ಆಚೆ ಕೇರಳದಲ್ಲಿ ಯಾರಿಗೋ ತಾಗಿರ್ಬೇಕು. ಗಡಿಯ ಕುಟ್ಟದಿಂದ ಸುದ್ದಿ ಬರೋವರೆಗೆ ಎಲ್ಲ ಸ್ವಲ್ಪ ಸುಮ್ಮನಿರಿ!" ಎಂದು ಕೂಗಿದ್ದರು. ಆ ಪ್ಲಾಂಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತೋಟದ ಲೈನ್ ಮನೆಗಳ ಆಳುಗಳಿಗೆ ತಮಿಳಿನಲ್ಲಿ, ಅಂಗಡಿಯ ಕಾಕಾನಿಗೆ ಮಲಯಾಳದಲ್ಲಿ, ನಮಗೆ ಅರೆಭಾಷೆಯಲ್ಲಿ, ಹೀಗೆ ಎಲ್ಲರಿಗೂ ಅವರವರ ಮಾತಿನಲ್ಲೇ ಬೈಗುಳ ಹಂಚುತ್ತಿದ್ದರು. ಆದರೆ ನಿಜವಾಗಿ ನೋಯುವ ಜಾಗವನ್ನು ಮುಟ್ಟುತ್ತಿರಲಿಲ್ಲ. ಗುರಿಯನ್ನು ಹೀಯಾಳಿಸುವರು, ಹೊಟ್ಟೆಯನ್ನು ಹೀಯಾಳಿಸುವರು. ಮನೆಯೊಳಗಿನ ಸಂಗತಿಗೆ ಕೈ ಹಾಕುತ್ತಿರಲಿಲ್ಲ. ಇದು ನನಗೆ ಅರ್ಥವಾದದ್ದು ಇನ್ನೊಬ್ಬ ಕೈ ಹಾಕಿದ ಮೇಲೆ.

ನನ್ನ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಹೋಗಿತ್ತು. ತೋಟ ಪಾಲಾದಾಗ ಕೆರೆಯ ಬದಿಯ ತುಂಡು ಚಿಕ್ಕಪ್ಪನಿಗೆ ಹೋಯಿತು. ಅಪ್ಪ ಅದನ್ನು ನುಂಗಿಕೊಳ್ಳಲಿಲ್ಲ. ಒಮ್ಮೆ ಬೇಲಿಯ ಹತ್ತಿರ ಕತ್ತಿ ಎತ್ತಿದ್ದರು. ಇನ್ನೊಮ್ಮೆ ಚಿಕ್ಕಪ್ಪ ನಮ್ಮ ನಾಯಿಯನ್ನು ಗುಂಡಿಕ್ಕಿ ಕೊಂದು, ಕಾಡುಹಂದಿ ಅಂದುಕೊಂಡೆ ಎಂದು ಹೇಳಿಸಿ ಕಳಿಸಿದರು. ನಾಯಿ ಬಿಳಿಯದಾಗಿತ್ತು. ಹಾಗಿದ್ದರೂ ಹಬ್ಬದ ದಿನ ಇಬ್ಬರ ಕೋವಿಯೂ ಕುಟುಂಬದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದೆ ಅಕ್ಕಪಕ್ಕ ಮಲಗಬೇಕು, ಸಂಪ್ರದಾಯ. ಮಧ್ಯಾಹ್ನ ಇಬ್ಬರೂ ಅದೇ ಮೈದಾನದಲ್ಲಿ ನಿಲ್ಲಬೇಕು. ಪ್ರತಿ ಹಬ್ಬಕ್ಕೂ ಅವ್ವ ಊಟ ಬಿಡುತ್ತಿದ್ದಳು. ಗಂಡ ಜೀವಸಹಿತ ಮನೆಗೆ ಬರಬೇಕು, ಮೈದುನನನ್ನು ಕೊಲ್ಲದೆ ಬರಬೇಕು, ಅಷ್ಟೇ ಅವಳ ಬೇಡಿಕೆ.

ಆ ವರ್ಷ ಡ್ರಿಲ್ ಮಾಸ್ಟರು ಶಾಲೆಯಿಂದ ನಿವೃತ್ತರಾದರು. ಹಬ್ಬದ ಆಟವನ್ನೂ ಬಿಡುತ್ತೇನೆ, ಗಂಟಲು ಹೋಗಿದೆ, ಸುಳ್ಯದ ಹತ್ತಿರ ಮಗಳ ಮನೆಗೆ ಹೋಗಿ ಸುಮ್ಮನೆ ಕೂರುತ್ತೇನೆ ಎಂದರು. ಊರಿಗೆ ಊರೇ ಅತ್ತಿತು. ದೊಡ್ಡದಾಗಿ ಸನ್ಮಾನ ಮಾಡಬೇಕೆಂದು ತೀರ್ಮಾನವಾಯಿತು. ಹೊರಡುವಾಗ ಅವ್ವ ನನ್ನ ಕೈ ಹಿಡಿದು, "ಇಂದ್ ಆಟ ನಡ್ಸಿಕೆ ಮಾಸ್ಟ್ರು ಇಲ್ಲೆ. ಅಪ್ಪನ ಕೋವಿ ಮೇಲೆ ಒಂದ್ ಕಣ್ಣ್ ಇರ್ಲಿ ಮಗಳೆ" ಎಂದಳು. ನನಗಾಗ ಹತ್ತೊಂಬತ್ತು. ಜಗಳಗಂಟಿ ಎಂದು ಆಗಲೇ ಹೆಸರಾಗಿತ್ತು, ಆದ್ದರಿಂದ ಆ ಕೆಲಸ ನನಗೇ ಬಂತು.

ಮೈದಾನದಲ್ಲಿ ಶಾಮಿಯಾನ, ಬಾಡಿಗೆಯ ಮೈಕ್ ಸೆಟ್ಟು. ಮಾಸ್ಟರನ್ನು ತೋಳಿರುವ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು, ಹೊಟ್ಟೆಯವರೆಗೆ ಬರುವ ಚೆಂಡುಹೂವಿನ ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ತಲೆಗೆ ಮೈಸೂರು ಪೇಟ. ಹೊಸ ರಾಜ್ಯದಿಂದ ನಮ್ಮೂರಿಗೆ ಬಂದ ಮೊದಲ ವಸ್ತು ಅದು ಎಂದು ಅಪ್ಪ ಗೊಣಗಿದರು. ಅದು ಜಾರಿ ಜಾರಿ ಮಾಸ್ಟರ ಹುಬ್ಬಿನ ಮೇಲೆ ಕೂರುತ್ತಿತ್ತು. ಮಾತಾಡಿ ಎಂದಾಗ ಎದ್ದು, "ಇಷ್ಟು ವರ್ಷದಲ್ಲಿ ಈ ನೆಲಕ್ಕೆ ಬಿದ್ದದ್ದು ತೆಂಗಿನಕಾಯಿ ನೀರು ಮಾತ್ರ. ಹಾಗೇ ಇರ್ಲಿ" ಎಂದಷ್ಟೇ ಹೇಳಿ, ತುತ್ತೂರಿಯನ್ನೂ ಜೇಬಿನ ಕಾಡತೂಸುಗಳನ್ನೂ ಹೊಸಬನಿಗೆ ಒಪ್ಪಿಸಿದರು.

ಹೊಸಬ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮಡಿಕೇರಿಯಲ್ಲಿ ಓದುವಾಗ ಭಾಷಣಕ್ಕೆ ಬಹುಮಾನ ಹೊಡೆದವನು. ಮೈಕ್ ಇರುವಾಗ ತಗಡು ಯಾಕೆ ಎಂದು ತುತ್ತೂರಿಯನ್ನು ಮೇಜಿನ ಮೂಲೆಗೆ ಸರಿಸಿದ. ಕಾಡತೂಸುಗಳನ್ನು ಹರಿವಾಣಕ್ಕೆ ಸುರಿದು, ಮದುವೆ ಮನೆಯ ವೀಳ್ಯದಂತೆ ಮೇಜಿನ ಮೇಲಿಟ್ಟ. "ಎಲ್ಲರೂ ದೊಡ್ಡವರು, ತಾವೇ ತಗೊಳ್ಳಿ!" ಎಂದ. ಜನರಿಗೆ ಖುಷಿಯಾಯಿತು. ಮಾಸ್ಟರು ಕುರ್ಚಿಯಿಂದ ಅರ್ಧ ಎದ್ದರು. ಬುಟ್ಟಿಯಿಂದ ಒಂದು ಮೂಸಂಬಿ ಉರುಳಿತು. ಪಕ್ಕದಲ್ಲಿದ್ದವರು, "ಕೂತ್ಕೊಳ್ಳಿ ಮಾಸ್ಟ್ರೇ, ಇಂದು ನಿಮಗೆ ರೆಸ್ಟು" ಎಂದು ಹೆಗಲು ಒತ್ತಿ ಕೂರಿಸಿದರು. ಆ ಪ್ರೀತಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಣ್ಣಗೆ ಮಳೆ ಹನಿದು ನಿಂತಿತ್ತು. ಹಲವರ ಗುರಿ ತಪ್ಪಿದ ಮೇಲೆ ಅಪ್ಪನ ಸರದಿ ಬಂತು. ಅಪ್ಪನದು ಒಂಟಿ ನಳಿಗೆ. ಈಡಿಗೆ ಬಿದಿರು ತೂಗಾಡಿತು, ಕಾಯಿ ಹಾಗೇ ಇತ್ತು, ಏನೋ ನಾಲ್ಕು ಹನಿ ಬಿದ್ದಂತಾಯಿತು. ಅಪ್ಪ ಕೈ ಎತ್ತುವಷ್ಟರಲ್ಲಿ ರೈಟರು ಚಿಕ್ಕಪ್ಪನನ್ನು ಕರೆದಾಗಿತ್ತು. ಜೋಡುನಳಿಗೆಗೆ ಎರಡು ಕಾಡತೂಸು ತುಂಬಿಕೊಂಡು ಬಂದ ಚಿಕ್ಕಪ್ಪ ಒಂದನ್ನು ಹೊಡೆದರು. ಕಾಯಿ ಎರಡು ಹೋಳಾಗಿ ಕೆಳಗೆ ಬಿತ್ತು.

"ನೀರ್ ಬಿದ್ದದ್ ನನ್ನ ಈಡಿಗೆ!" ಅಪ್ಪ ಕೂಗಿದರು.

"ಅದ್ ಮಳೆ ನೀರ್" ಎಂದರು ಚಿಕ್ಕಪ್ಪ, ಮರದ ಕಡೆ ನೋಡಿಕೊಂಡೇ. ಎಷ್ಟೋ ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ತೀರ್ಪು ಹೇಳಬೇಕಾಗಿದ್ದ ರೈಟರಿಗೆ ನಗಿಸಬೇಕೆಂಬ ಚಪಲ. "ಅಣ್ಣ ತೂತು ಮಾಡಿದ, ತಮ್ಮ ಎರಡು ಹೋಳು ಮಾಡಿದ. ಕೆರೆ ಬದಿಯ ಹೋಳು ಯಾರಿಗೆ ಸ್ವಾಮೀ?" ಎಂದು ಮೈಕಿನಲ್ಲಿ ಕೂಗಿದ. ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಅಪ್ಪನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ಅಪ್ಪ ಚಿಕ್ಕಪ್ಪನ ಮುಖಕ್ಕೆ ಉಗಿದರು. ಚಿಕ್ಕಪ್ಪ ಕೋವಿಯ ಹಿಡಿಯಿಂದ ಅಪ್ಪನ ದವಡೆಗೆ ಹೊಡೆದರು. ಮೂಳೆಯ ಶಬ್ದ ಹೆಂಗಸರ ಸಾಲಿಗೂ ಕೇಳಿತು. ಅಪ್ಪ ಬಾಯಿಯಿಂದ ರಕ್ತವನ್ನೂ ಹಲ್ಲನ್ನೂ ಉಗುಳಿ, ತಲೆ ತಗ್ಗಿಸಿ ಚಿಕ್ಕಪ್ಪನ ಹೊಟ್ಟೆಗೆ ಗುದ್ದಿದರು. ಎರಡೂ ಕಡೆಯ ನೆಂಟರು ನುಗ್ಗಿದರು. ಬೆಂಚಿನ ಕಾಲು ಮುರಿದು ಅದರಲ್ಲೇ ಹೊಡೆದಾಡಿದರು. ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ಬಿಡದೆ ನೇತಾಡುತ್ತಿದ್ದ. ಅಪ್ಪ ಮಂಡಿಯೂರಿ ಮೇಜಿನ ಬಟ್ಟೆ ಎಳೆದರು, ಹರಿವಾಣ ಮಗುಚಿತು, ಕಾಡತೂಸೊಂದು ಅವರ ಕೈಗೆ ಸಿಕ್ಕಿತು. ನಾನು ಓಡಿಹೋಗಿ ಅವರ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅದುವರೆಗೆ ನನ್ನ ಮೇಲೆ ಕೈ ಎತ್ತದಿದ್ದ ಅಪ್ಪ ನನ್ನ ಎದೆಗೆ ಒದ್ದರು. ಬಿದ್ದೆ, ಆದರೆ ಕೋವಿ ಬಿಡಲಿಲ್ಲ. ಅದರ ಮೇಲೆಯೇ ಕವುಚಿ ಬಿದ್ದು ಮಲಗಿದೆ.

ಅಪ್ಪನ ಕೈ ಈಗ ಖಾಲಿ. ಚಿಕ್ಕಪ್ಪನ ಕೈಯಲ್ಲಿ ಮಾತ್ರ ಇನ್ನೊಂದು ನಳಿಗೆ ತುಂಬಿಕೊಂಡೇ ಇತ್ತು. ಅದನ್ನು ಎತ್ತಿ ಅಪ್ಪನ ಎದೆಗೆ ಗುರಿಯಿಟ್ಟರು. ಜನ ಅಲ್ಲಲ್ಲೇ ನಿಂತುಬಿಟ್ಟರು. ನಾನು ನೆಲದಲ್ಲಿ ಬಿದ್ದುಕೊಂಡು ಅಪ್ಪನ ಪಾದಗಳನ್ನು ನೋಡುತ್ತಿದ್ದೆ. ಅವು ಹಿಂದೆ ಸರಿಯಲಿಲ್ಲ.

ಆಗ ಶಾಲು, ಹಾರ, ಪೇಟದ ಸಮೇತ ಡ್ರಿಲ್ ಮಾಸ್ಟರು ಬಂದರು. ಓಡಲಿಲ್ಲ, ಬಿರಬಿರನೆ ನಡೆದು ಬಂದು ಕೋವಿಯ ಬಾಯಿಗೆ ಕೈ ಹಾಕಿ ಮೇಲಕ್ಕೆ ತಳ್ಳಿದರು. ಈಡು ಹಾರಿತು. ಪೇಟ ಎಲ್ಲಿಗೋ ಹೋಯಿತು. ಹಾರ ಹರಿದು ಚೆಂಡುಹೂಗಳು ನನ್ನ ಬೆನ್ನಿನ ಮೇಲೆಲ್ಲ ಬಿದ್ದವು, ಒದ್ದೆಯಾಗಿ, ಬಿಸಿಯಾಗಿ. ಹೂವಿನ ಜೊತೆ ಬಿದ್ದದ್ದು ಅವರ ಬೆರಳು ಎಂದು ತಿಳಿದಾಗ ನಾನು ಕಿರುಚಿದೆ.

"ಏನೂ ಆಗಿಲ್ಲ, ಎಲ್ಲರೂ ಶಾಂತಿಯಿಂದ ಕುಳಿತುಕೊಳ್ಳಿ, ಕಾರ್ಯಕ್ರಮ ಮುಂದುವರಿಯುತ್ತದೆ" ಎಂದು ರೈಟರು ಮೈಕಿನಲ್ಲಿ ಹೇಳುತ್ತಿದ್ದ. ನಾನು ಎದ್ದು, ಮೇಜಿನ ಮೂಲೆಯಲ್ಲಿದ್ದ ತಗಡಿನ ತುತ್ತೂರಿಯನ್ನು ಎತ್ತಿ ಅವನ ತಲೆಗೆ ಬಾರಿಸಿದೆ. ಅವನೂ ಮೈಕೂ ಒಟ್ಟಿಗೆ ಉರುಳಿದರು. ಎರಡನೆಯ ಸಲವೂ ಬಾರಿಸಿದೆ. ಅದರ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಮಾಸ್ಟರು ರಕ್ತ ಸುರಿಯುವ ಕೈಯನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಒತ್ತಿಕೊಂಡಿದ್ದರು. ಇನ್ನೊಂದು ಕೈಯನ್ನು ಚಿಕ್ಕಪ್ಪನ ಮುಂದೆ ಚಾಚಿ, ಪ್ರತಿ ವರ್ಷದ ಹಾಗೆ, "ಕೋವಿ ಕೊಡು" ಎಂದರು. ಧ್ವನಿ ಅಷ್ಟೇನೂ ಏರಲಿಲ್ಲ. ಚಿಕ್ಕಪ್ಪ ಕೊಟ್ಟರು. ಅದನ್ನು ಮಡಚಲು ಒಂದು ಕೈಯಲ್ಲಿ ಆಗಲಿಲ್ಲ. ಮಂಡಿಗೆ ಒತ್ತಿ ಮಡಚಿ, ಒಳಗೆ ಇಣುಕಿ ನೋಡಿ, ಪಕ್ಕಕ್ಕಿಟ್ಟರು. ಆಮೇಲೆ ಬಿದ್ದರು.

ಎಸ್ಟೇಟಿನ ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ ಸಾಗಿಸಿದೆವು. ಮೂರು ಬೆರಳು ಹೋದವು. ಕೋವಿ ಪರೀಕ್ಷಿಸುವಾಗ ತಮ್ಮದೇ ತಪ್ಪಿನಿಂದ ಹಾರಿತು ಎಂದು ಮಾಸ್ಟರು ಪೊಲೀಸರಿಗೆ ಹೇಳಿದರು. ಊರೆಲ್ಲ ಅದನ್ನೇ ಹೇಳಿತು.

ಕೆಲವು ದಿನಗಳ ಮೇಲೆ ಅಪ್ಪನ ಜೊತೆ ನೋಡಲು ಹೋದೆ. ಅಪ್ಪನ ದವಡೆಗೆ ಬಟ್ಟೆ ಕಟ್ಟಿತ್ತು, ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಮಂಚದ ಆ ಬದಿಯಲ್ಲಿ ಚಿಕ್ಕಪ್ಪ ಆಗಲೇ ನಿಂತಿದ್ದರು. ಇಬ್ಬರೂ ಗೋಡೆ ನೋಡಿದರು. ಮಾಸ್ಟರು ಒಬ್ಬೊಬ್ಬರ ಮುಖವನ್ನೂ ನೋಡಿ, "ಆಟದ ಫಲಿತಾಂಶ ಹೇಳಿಲ್ಲ ಇನ್ನೂ" ಎಂದರು.

"ನೀರು ಬಿದ್ದದ್ದು ಅಣ್ಣನ ಈಡಿಗೆ. ಕಾಯಿಯ ಹೊಟ್ಟೆಯಿಂದ್ಲೇ ಬಂತು, ಕುರ್ಚಿಯಿಂದ ಸರೀ ಕಂಡಿತ್ತು ನಂಗೆ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಮಾಸ್ಟ್ರೇ?" ನಾನು ಸುಮ್ಮನಿರಲಾರದೆ ಕೇಳಿದೆ.

"ಬಿಟ್ಟುಕೊಟ್ಟ ಮೇಲೆ ಬಾಯಿ ಹಾಕಬಾರ್ದು ಅಂತ ಸುಮ್ಮನೆ ಕೂತೆ ಮಗಳೆ. ಮರ್ಯಾದಸ್ಥ ಆಗೋಕೆ ಹೋದೆ" ಎಂದು ಕಣ್ಣು ಮುಚ್ಚಿದರು. ಮತ್ತೆ ಕಣ್ಣು ತೆರೆದು ಚಿಕ್ಕಪ್ಪನ ಕಡೆ ತಿರುಗಿ, "ಸೋತವ್ನು ಏನು ಮಾಡ್ಬೇಕು ಅಂತ ಗೊತ್ತುಂಟಲ್ಲ?" ಎಂದರು. ಸೋತವನು ಗೆದ್ದವನ ಕೈ ಕುಲುಕಬೇಕು. ಅದು ಮೈದಾನದ ನಿಯಮ.

ಚಿಕ್ಕಪ್ಪ ಮಂಚದ ಮೇಲಿಂದ ಕೈ ಚಾಚಿದರು. ಅಪ್ಪ ಬಹಳ ಹೊತ್ತು ಅದನ್ನು ನೋಡುತ್ತ ನಿಂತರು. ಕೊನೆಗೆ ಹಿಡಿದರು. ಇಬ್ಬರ ಕೈಗಳ ಕೆಳಗೆ, ಹೊದಿಕೆಯ ಮೇಲೆ, ಮಾಸ್ಟರ ಬ್ಯಾಂಡೇಜ್ ಸುತ್ತಿದ ಕೈ ಇತ್ತು.

ಆಮೇಲೆ ಇಬ್ಬರೂ ಸಾಯುವವರೆಗೆ ಒಂದು ಮಾತೂ ಆಡಲಿಲ್ಲ. ಆದರೆ ಪ್ರತಿ ಕೈಲ್ ಮುಹೂರ್ತದ ಹಿಂದಿನ ದಿನ ಅಪ್ಪ ತಮ್ಮ ಕಾಡತೂಸುಗಳನ್ನು ಒಂದೂ ಬಿಡದೆ ಚೀಲಕ್ಕೆ ಹಾಕಿ, ಸುಳ್ಯದ ಬಸ್ಸು ಹತ್ತುತ್ತಿದ್ದರು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ, ತೊಡೆಯ ಮೇಲೆ ತಮ್ಮ ಚೀಲ. ಒಂದು ವರ್ಷ ನಾನೂ ಹೋಗಿದ್ದೆ. ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ ಮಾಸ್ಟರು ಎರಡು ಬೆರಳು ಉಳಿದ ಕೈಯನ್ನು ಚಾಚಿದರು, ಇಬ್ಬರೂ ಒಬ್ಬರಾದ ಮೇಲೊಬ್ಬರು ಚೀಲವನ್ನು ಅದಕ್ಕೆ ನೇತುಹಾಕಿ, ಹಬ್ಬಕ್ಕೆ ಬರಿಗೈಯಲ್ಲಿ ಮನೆಗೆ ಮರಳಿದರು. ಹಬ್ಬದ ದಿನ ಅವ್ವ ಹೊಟ್ಟೆ ತುಂಬ ಊಟ ಮಾಡಿದಳು.