ಬ್ಯಾಂಕಿನ ನೀರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಅದರ ಅಂಚನ್ನು ಮರಳು ಕಾಗದದಿಂದ ತಿಕ್ಕಿ ನೇರ ಮಾಡಿಟ್ಟಿರುತ್ತಿದ್ದರು. ಯಾರ ಮನೆಗೆ ಹೋದರೂ ಕೂರುವ ಮೊದಲು ಆ ಉಗುರನ್ನು ಟೇಬಲ್ಲಿನ ಮೇಲೋ ಕಟ್ಟೆಯ ಕಲ್ಲಿನ ಮೇಲೋ ಒಮ್ಮೆ ಎಳೆದು ನೋಡಬೇಕು. ಕೂದಲೆಳೆಯಷ್ಟು ಏರುಪೇರಿದ್ದರೂ ಉಗುರು ತಡೆಯುತ್ತಿತ್ತು, ಹುಬ್ಬು ಮೇಲೇರುತ್ತಿತ್ತು. ನನ್ನ ಮದುವೆಯ ಊಟದ ಟೇಬಲ್ಲನ್ನೂ ಬಿಡಲಿಲ್ಲ. "ಎಡಕ್ಕ ಇಳಿದದ. ಸಾರು ಹರೀತದ, ನೋಡ್ಕೋ" ಎಂದರು. ಸಾರು ಬೀಗರ ಕಡೆಗೇ ಹರಿಯಿತು.

ಶಹಾಬಾದದ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಮಾಸ್ತರ್ರು. ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳೊಂದಿಗೆ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿದ್ದರು. ನಾನು ರಾವೂರಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುವವನು. ಐಟಿಐ ಮೆಟ್ಟಿಲು ಹತ್ತಿದವನೇ ಅಲ್ಲ. ಆದರೂ ಅವರ ಕೈಯಲ್ಲಿ ಕಲಿತವರಲ್ಲಿ ನನ್ನಷ್ಟು ದಡ್ಡ, ನನ್ನಷ್ಟು ಸುಳ್ಳ ಮತ್ತೊಬ್ಬ ಇರಲಾರ.

ಮಾಸ್ತರ್ರು ಮಾತಿನ ನಡುವೆ ತೋರುಬೆರಳು ಎತ್ತುತ್ತಿದ್ದರು. ಹೊಸಬರು ಬೈಸಿಕೊಂಡೆವು ಎಂದು ತಿಳಿಯುತ್ತಿದ್ದರು. ಅದು ಬೈಗುಳ ಅಲ್ಲ, ತಡಿ, ಉಸಿರು ತಗೊಂಡು ಉಳಿದದ್ದನ್ನು ಹೇಳುತ್ತೇನೆ ಎಂದು. ಮಾಸ್ತರಿಕೆ ಸಿಗುವ ಮೊದಲು ಹತ್ತು ವರ್ಷ ಅವರು ಭಂಕೂರ ಕಡೆಯ ಗಣಿಗಳಲ್ಲಿ ಫರ್ಸಿ, ಅಂದರೆ ನಮ್ಮೂರಿನ ಹಾಸುಗಲ್ಲು, ಕೊಯ್ಯುವ ಮಷೀನಿನ ಮುಂದೆ ನಿಂತಿದ್ದರು. ನೀರು ಬಿಡದೆ ಒಣಗಲ್ಲನ್ನೇ ಕೊಯ್ಯುತ್ತಿದ್ದ ಕಾಲ ಅದು. ಆ ಧೂಳು ಅವರ ಎದೆಯಲ್ಲಿ ಉಳಿದುಕೊಂಡಿತ್ತು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಮುಂದೆ ಕಲ್ಲಿನ ಧೂಳಿದ್ದಲ್ಲಿ ನಿಲ್ಲಲೇಬೇಡಿ, ಉಳಿದಿರುವ ಉಸಿರನ್ನಾದರೂ ಕಾಪಾಡಿಕೊಳ್ಳಿ ಎಂದು ಹೇಳಿದ್ದರು. ಇದು ಓಣಿಯ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವರು ಹುಡುಗರಿಗೆ ಕಲಿಸುತ್ತಿದ್ದ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಐಟಿಐಯಲ್ಲಿ ಹುಡುಗ ಕಬ್ಬಿಣದ ತುಂಡನ್ನು ಅಳತೆ ಮೀರಿ ಅರದಿಂದ ಉಜ್ಜಿ ಕೆಡಿಸುತ್ತಾನೆ. ಮಾಸ್ತರ್ರಿಗೆ ದೂರದಿಂದ ಸದ್ದಿನಲ್ಲೇ ಗೊತ್ತಾಗುತ್ತದೆ. ಆದರೆ ತುಟಿ ಬಿಚ್ಚುವುದಿಲ್ಲ. ಅವನಿಗೆಂದು ಹೊಸ ತುಂಡನ್ನು ಆಗಲೇ ತಮ್ಮ ಡ್ರಾಯರಿನಲ್ಲಿ ತೆಗೆದಿಟ್ಟಿರುತ್ತಾರೆ. ಹುಡುಗ ಒಂದು ದಿನವೋ ನಾಲ್ಕು ದಿನವೋ ಕೆಟ್ಟ ತುಂಡನ್ನೇ ಉಜ್ಜುವ ನಾಟಕ ಆಡಿ, ಕೊನೆಗೆ ಸೋತು ಬಂದು, "ಸರ್, ಕೆಟ್ಟದರಿ" ಅನ್ನಬೇಕು. ಆಗ ಡ್ರಾಯರು ತೆರೆಯುತ್ತದೆ. ಅಷ್ಟೇ. ಬೈಗುಳವಿಲ್ಲ, ಹೊಡೆತವಿಲ್ಲ. "ಕಬ್ಬಿಣ ಮತ್ತ ಸಿಗ್ತದ. ಅವಾ ಬಾಯಿಬಿಟ್ಟು ಹೇಳೂದು ಕಲ್ತನಲ್ಲ, ಅದು ಸಿಗಂಗಿಲ್ಲ" ಎನ್ನುತ್ತಿದ್ದರು. ನಾನು ಇದನ್ನು ಕೇಳಿ ನಕ್ಕವನು.

ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಹಾಗೆಯೇ ಕಲ್ಲಿನಲ್ಲಿ ಕೊರೆಯುವ ಸಿಎನ್‌ಸಿ ಯಂತ್ರವನ್ನು ಮನೆಯಲ್ಲೇ ಕಟ್ಟಬೇಕೆಂಬ ಹುಚ್ಚು ನನಗೆ ಹಿಡಿದಿತ್ತು. ಮೊಬೈಲಿನಲ್ಲಿ ನೂರು ವಿಡಿಯೋ ನೋಡಿ, ಅಲ್ಯೂಮಿನಿಯಂ ಪಟ್ಟಿಗಳ ಪಟ್ಟಿ ಮಾಡಿಕೊಂಡು ಅವರ ಬಳಿ ಹೋದೆ. ಅವರು ಹಾಳೆಯನ್ನು ಮಡಚಿ ನನ್ನ ಜೇಬಿಗೇ ಹಾಕಿದರು. "ಫರ್ಸಿ ಊರಾಗ ಹುಟ್ಟಿ ಮಷೀನಿಗೆ ಅಲ್ಯೂಮಿನಿಯಂ ಬುಡ ಮಾಡ್ತಿ ಏನು? ಕಲ್ಲು ಬಿಸಿಲಿಗೆ ಡೊಂಕಾಗಂಗಿಲ್ಲ, ನಡುಗಂಗಿಲ್ಲ" ಎಂದು ಹೇಳಿ, ಮರುದಿನ ತಾವೇ ನನ್ನೊಡನೆ ಕಲ್ಲಿನ ಅಂಗಡಿಗೆ ಬಂದು ಇಪ್ಪತ್ತು ಹಾಸುಗಲ್ಲು ಬಡಿದು ಸದ್ದು ಕೇಳಿ ಒಂದನ್ನು ಆರಿಸಿದರು.

ಆ ಕಲ್ಲನ್ನು ಮಟ್ಟ ಮಾಡಿದ ರೀತಿ ಮರೆಯುವಂಥದ್ದಲ್ಲ. ಅವರು ದಿನವೂ ಪೂಜೆ ಮಾಡುವವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಹೊರಗೆ ಬಂದವರಲ್ಲ. ಜೇಬಿನಿಂದ ಮುರಿದ ವಿಭೂತಿ ಗಟ್ಟಿಗಳನ್ನು ತೆಗೆದು ಪುಡಿ ಮಾಡಿ, ಎರಡು ಹನಿ ಎಣ್ಣೆಯಲ್ಲಿ ಕಲಸಿ, ಉಕ್ಕಿನ ನೇರಪಟ್ಟಿಗೆ ತೆಳ್ಳಗೆ ಸವರಿ, ಕಲ್ಲಿನ ಮೇಲೆ ಎಳೆದರು. ಕಲ್ಲು ಎಲ್ಲೆಲ್ಲಿ ಎದ್ದಿತ್ತೋ ಅಲ್ಲಲ್ಲಿ ಬಿಳಿ ಹತ್ತಿತು. ಅಲ್ಲಿ ನೀರು ಹಾಕಿ ತಿಕ್ಕು, ಮತ್ತೆ ಸವರು, ಮತ್ತೆ ತಿಕ್ಕು.

"ಸರ್, ವಿಭೂತೀಲೆ ಹಿಂಗ ಮಾಡಬಹುದೇನ್ರಿ?" ಎಂದು ಕೇಳಿದೆ.

"ಹಣಿಗೆ ಹಚ್ಚಿದ್ರ ಮನಸಿನ ಏರುಪೇರು ತೋರಸ್ತದೋ ಇಲ್ಲೋ, ನನಗ ಖಾತ್ರಿ ಇಲ್ಲ" ಎಂದು ಬೆರಳೆತ್ತಿದರು. ಉಸಿರು ಬಂತು. "ಕಲ್ಲಿಂದು ತೋರಸ್ತದ."

ಹದಿನೈದು ಭಾನುವಾರ ಅದನ್ನೇ ಮಾಡಿದೆವು. ನನ್ನ ಭುಜ ಬಿದ್ದುಹೋಗುವ ಹಾಗಾಗಿತ್ತು.

ನಂತರ ಸ್ಪಿಂಡಲ್ಲಿನ ಪ್ರಶ್ನೆ. ಸ್ಪಿಂಡಲ್ ಎಂದರೆ ಕೊರೆಯುವ ಮೊನೆಯನ್ನು ಗರಗರ ತಿರುಗಿಸುವ ಮೋಟರು. ಯಂತ್ರದ ಜೀವ ಅಲ್ಲೇ ಇರುವುದು. ಅದರಲ್ಲಿ ಎರಡು ಜಾತಿ. ತಲೆಯ ಮೇಲಿನ ಫ್ಯಾನಿನ ಗಾಳಿಯಿಂದ ತಣ್ಣಗಾಗುವುದು ಒಂದು. ಹೊಟ್ಟೆಯೊಳಗೆ ನೀರು ಹರಿಸಿ ತಣ್ಣಗಿಡುವುದು ಇನ್ನೊಂದು. ನನಗೆ ಗಾಳಿಯದೇ ಇಷ್ಟ. ಪೈಪಿಲ್ಲ, ಬಕೆಟ್ಟಿಲ್ಲ, ಪಂಪಿಲ್ಲ, ತಂದು ಕೂಡಿಸಿದರೆ ಮುಗಿಯಿತು.

"ಬ್ಯಾಡ ತಮ್ಮಾ" ಎಂದರು ಮಾಸ್ತರ್ರು. "ಫ್ಯಾನು ಕೆಳಗ ಊದ್ತದ. ಕಲ್ಲಿನ ಮ್ಯಾಲ ನೀರು ಬಿಟ್ಟು ಕೊರಿಯಾಕ ಹೋದ್ರ ನೀರು ಹಾರಸ್ತದ, ಮೋಟರಿನ ಒಳಗ ಎಳಕೊಂತದ. ಆಮ್ಯಾಲ ನೀ ನೀರು ಬಂದ್ ಮಾಡ್ತಿ." ಬೆರಳು ಎದ್ದಿತು, ಕಾದೆ. "ಒಣಾ ಕಲ್ಲು ಕೊರೀತಿ. ಆಗ ನಾ ಇಲ್ಲಿ ಕುಂದ್ರೂದು ಹ್ಯಾಂಗ?"

ಇಷ್ಟು ಹೇಳಿದ ಮೇಲೆ ಆರಿಸುವುದಕ್ಕೆ ಇನ್ನೇನಿತ್ತು? ನೀರಿನದೇ ತರಿಸಿದೆ. ಆದರೆ ನಮ್ಮ ಸೀಮೆಯ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲು. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುತ್ತದೆ. ಅದೇ ನೀರು ಸ್ಪಿಂಡಲ್ಲಿನ ಹೊಟ್ಟೆಗೆ ಹೋದರೆ ದಾರಿ ಕಟ್ಟಿ ಮೋಟರು ಬೆಂದುಹೋಗುತ್ತದೆ. ಅದಕ್ಕೂ ಅವರೇ ಉಪಾಯ ಹುಡುಕಿದರು. ಮಗಳ ಬ್ಯಾಂಕಿನ ಹಿಂಗೋಡೆಯಲ್ಲಿ ಎಸಿಗಳ ನೀರು ಹಗಲೆಲ್ಲ ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಸುಣ್ಣದ ಅಂಶವಿಲ್ಲ. ಮಗಳು ಮ್ಯಾನೇಜರರನ್ನು ಕೇಳಿ ಅಲ್ಲಿ ಎರಡು ಕ್ಯಾನ್ ಇಟ್ಟಳು. ಶನಿವಾರ ಸಂಜೆ ಸ್ಕೂಟರಿನಲ್ಲಿ ಹೋಗಿ ತರುವುದು ನನ್ನ ಕೆಲಸ. ನಾವು ಅದಕ್ಕೆ ಬ್ಯಾಂಕಿನ ನೀರು ಎಂದು ಹೆಸರಿಟ್ಟೆವು. ಕೊರೆಯುವ ಕಲ್ಲಿನ ಮೇಲೆ ಮಾತ್ರ ಬೋರಿನ ನೀರನ್ನೇ ಬಿಡುತ್ತಿದ್ದೆವು. ಅದು ಧೂಳೇಳದ ಹಾಗೆ ಎಲ್ಲವನ್ನೂ ಕೆಸರು ಮಾಡಿ ತೊಳೆದುಕೊಂಡು ಹೋಗುತ್ತಿತ್ತು.

ಮೊದಲ ಅಕ್ಷರ ಮೂಡಿದ ದಿನ ಮಾಸ್ತರ್ರು ಅದರ ಕೊರೆದ ಗೆರೆಯಲ್ಲಿ ಉಗುರಿಟ್ಟು ಪೂರ್ತಿ ಎಳೆದರು. ಎಲ್ಲಿಯೂ ತಡೆಯಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕಿಟಕಿಯ ಬಳಿಯ ಸ್ಟೂಲು ಅಂದಿನಿಂದ ಅವರದಾಯಿತು.

ಚಿತ್ತಾಪುರದ ಒಂದು ಕಲ್ಯಾಣಮಂಟಪದವರು ದಾನಿಗಳ ಹೆಸರಿನ ಕಲ್ಲು ಕೇಳಿದರು. ಅದನ್ನು ನೋಡಿ ಸೇಡಮ್ಮಿನಿಂದ ಒಬ್ಬರು ಬಂದರು. ಶಾಲೆ ಮುಗಿಸಿ ಬಂದು ಕೂತರೆ ಏಳಲು ಹೊತ್ತಿಲ್ಲ. ಏಪ್ರಿಲ್ ಬಿಸಿಲಿಗೆ, ಸ್ಪಿಂಡಲ್ಲಿಗೆ ಹರಿಯುವ ಬಕೆಟ್ಟಿನ ನೀರು ಆವಿಯಾಗಿ ಬೇಗ ಇಳಿಯುತ್ತಿತ್ತು. ಒಂದು ಶನಿವಾರ ಬ್ಯಾಂಕಿಗೆ ಹೋಗಲು ಬೇಸರವಾಯಿತು. ಒಂದು ವಾರಕ್ಕೇನಾಗುತ್ತದೆ ಎಂದು ಬೋರಿನ ನಲ್ಲಿ ತಿರುಗಿಸಿ ಬಕೆಟ್ ತುಂಬಿದೆ. ಮುಂದಿನ ಶನಿವಾರ ಬೇಸರವೂ ಆಗಲಿಲ್ಲ, ನೆನಪೇ ಆಗಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಮಾಸ್ತರ್ರು ಬಕೆಟ್ಟಿನಲ್ಲಿ ಎರಡು ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ನೀರು ಬ್ಯಾಂಕಿಂದೇ ಏನು?"

"ಹೌದ್ರಿ ಸರ್" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ತರಗತಿಯಲ್ಲಿ ಹೋಮ್‌ವರ್ಕ್ ಮನೆಯಲ್ಲೇ ಉಳಿದಿದೆ ಎನ್ನುವ ಹುಡುಗರನ್ನು ನಿಲ್ಲಿಸಿ ಉಪದೇಶ ಮಾಡುವ ಬಾಯಿ ಇದು.

ಜೂನ್ ಮೊದಲ ವಾರ ಸುಟ್ಟ ವಾಸನೆ ಬಂತು. ಸ್ಪಿಂಡಲ್ ಕಿರುಗುಟ್ಟಿ ನಿಂತಿತು; ಕೈಯಿಂದ ತಿರುಗಿಸಿದರೂ ಅಲುಗಲಿಲ್ಲ. ಮಾಸ್ತರ್ರು, "ಬಿಚ್ಚಿ ನೋಡೋಣು" ಎಂದರು. ಬಿಚ್ಚಿದರೆ ಒಳಗಿನ ಸುಣ್ಣ ಕಾಣುತ್ತದೆಂದು ನನಗೆ ಗೊತ್ತಿತ್ತು. ಇಂಥವನ್ನು ಬಿಚ್ಚಿ ಉಪಯೋಗವಿಲ್ಲ, ಮಾಲೇ ಕೆಟ್ಟದ್ದಿತ್ತು, ಈಗ ಹೈದರಾಬಾದಿನಲ್ಲಿ ಎಲ್ಲರೂ ಗಾಳಿಯದನ್ನೇ ಹಾಕುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ನನಗೆ ಉಸಿರಿಗೇನು ಬರವಿರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದು, "ಹಂಗಾರ ಇದು ನನಗ ಕೊಡು. ಪೇಪರ್ ಹಾರದಂಗ ಇಡಾಕ ಆಗ್ತದ" ಎಂದು ಸತ್ತ ಸ್ಪಿಂಡಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.

ಗಾಳಿಯ ಸ್ಪಿಂಡಲ್ ಬಂತು. ಅವರು ಹೇಳಿದ್ದು ಅಕ್ಷರಶಃ ನಡೆಯಿತು. ಕಲ್ಲಿನ ಮೇಲೆ ಬಿಟ್ಟ ನೀರನ್ನು ಫ್ಯಾನು ಗೋಡೆಗೆಲ್ಲ ಹಾರಿಸಿತು, ಎರಡು ಸಲ ಫ್ಯೂಸ್ ಹೋಯಿತು, ನಾನು ನೀರು ನಿಲ್ಲಿಸಿದೆ. ಧೂಳೆಳೆಯುವ ಒಂದು ಪೈಪು ಕಟ್ಟಿ ಒಣಗಲ್ಲನ್ನು ಕೊರೆಯತೊಡಗಿದೆ. ಪೈಪು ಅರ್ಧ ಎಳೆಯುತ್ತಿತ್ತು. ಇನ್ನರ್ಧ ಕಿಟಕಿಯ ಬಿಸಿಲಿನಲ್ಲಿ ತೇಲುವುದು ಕಣ್ಣಿಗೇ ಕಾಣುತ್ತಿತ್ತು.

ಮಾಸ್ತರ್ರು ಬರಲಾರರು ಎಂದುಕೊಂಡಿದ್ದೆ. ಮೂರನೆಯ ದಿನ ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು.

"ಸರ್, ಇಲ್ಲಿ ಕುಂದ್ರಬ್ಯಾಡ್ರಿ. ಧೂಳ ಅದ."

"ನೀ ಏನರ ಹೇಳೂದದ ಏನು?"

"ಇಲ್ಲ್ರಿ."

"ಹಂಗಾರ ಕುಂದರ್ತೀನಿ."

ಬಿರುಕಿದ್ದ ಕಲ್ಲನ್ನು ಬಡಿದು ಪತ್ತೆ ಹಚ್ಚುವ ಕಿವಿ ಅವರೊಬ್ಬರದೇ. ಅವರಿಲ್ಲದ ಎರಡು ದಿನದಲ್ಲಿ ಮೂರು ಕಲ್ಲು ಒಡೆದಿದ್ದೆ. ಹಾಗಾಗಿ ಬಂದರಲ್ಲ ಎಂದು ಒಳಗೊಳಗೇ ನಿರಾಳವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ವಾರಕ್ಕೊಮ್ಮೆಯಾದರೂ, "ಏನರ ಹೇಳೂದದ ಏನು?" ಎನ್ನುತ್ತಿದ್ದರು. ಮುಪ್ಪಿನ ರೂಢಿ ಎಂದುಕೊಂಡು, "ಏನಿಲ್ಲ್ರಿ, ಚಾ ತಗೋರಿ" ಎನ್ನುತ್ತಿದ್ದೆ. ಎತ್ತಿದ ಬೆರಳು ಕೆಳಗಿಳಿಯುವುದು ತಡವಾಗುತ್ತ ಹೋಯಿತು. ಡಿಸೆಂಬರಿನಲ್ಲಿ ಅವರ ಮನೆಗೆ ಆಕ್ಸಿಜನ್ ಮಷೀನು ಬಂತು, ಸ್ಟೂಲು ಖಾಲಿಯಾಯಿತು.

ಸಂಕ್ರಾಂತಿಯ ಮರುದಿನ, ಇವತ್ತು ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಹೋದೆ. ಮೂಗಿಗೆ ನಳಿಗೆ, ತಲೆದಿಂಬಿಗೆ ಒರಗಿ ಕೂತಿದ್ದರು. "ಸರ್, ಆ ಸ್ಪಿಂಡಲ್ಲಿಂದು..." ಎಂದೆ. ಅವರು ಬೆರಳೆತ್ತಿದರು. ಅವರೇ ಏನೋ ಹೇಳಲಿದ್ದಾರೆಂದು ನಾನು ಸುಮ್ಮನಾದೆ. ಅವರು ನನ್ನ ಮುಖ ನೋಡುತ್ತ ಕೂತರು. ನಾನು ಕಾದೆ, ಅವರೂ ಕಾದರು. ಅಷ್ಟರಲ್ಲಿ ಮಗಳು ಚಹಾ ತಂದಳು. "ಆಮ್ಯಾಲ ಹೇಳ್ತೀನ್ರಿ" ಎಂದು ಕಪ್ಪು ತೆಗೆದುಕೊಂಡೆ.

ಮೂರನೆಯ ದಿನ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಗುಂಡಿಯೊಳಗೆ ಬಿಲ್ವಪತ್ರೆ, ವಿಭೂತಿ ಗಟ್ಟಿಗಳನ್ನು ಇಳಿಬಿಡುವಾಗ ನನ್ನ ಕೈಗೂ ನಾಲ್ಕು ಕೊಟ್ಟರು. ಹಾಕಿದೆ. ಹಳೆಯ ಧೂಳು ಯಾವುದು, ನಮ್ಮ ಮನೆಯ ಧೂಳು ಎಷ್ಟು, ಯಾರಿಗೂ ಹೇಳಲಾಗದು ಎಂದು ಡಾಕ್ಟರು ಅಂದಿದ್ದರಂತೆ. ಅದು ನನಗೆ ಸಮಾಧಾನವಲ್ಲ.

ವಾರದ ಮೇಲೆ ಮಗಳು ಕರೆಸಿದಳು. ಅದೇ ಟವೆಲ್ಲಿನ ಗಂಟು ಮುಂದಿಟ್ಟಳು. ಒಳಗೆ ಸ್ಪಿಂಡಲ್. ತುದಿಯನ್ನು ಎರಡು ಬೆರಳಿನಿಂದ ಮುಟ್ಟಿದೆ, ಸದ್ದಿಲ್ಲದೆ ತಿರುಗಿತು. ನೀರು ಹೋಗುವ ತೂತುಗಳು ಒಳಗಿನವರೆಗೂ ಹೊಳೆಯುತ್ತಿದ್ದವು. ಜೊತೆಗೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಬಿಳಿ ಪುಡಿ. ಅವರ ವಿಭೂತಿ ಎಂದುಕೊಂಡು ಮೂರು ಬೆರಳಿನಲ್ಲಿ ತೆಗೆದು ಹಣೆಗೆ ಒಯ್ದೆ.

"ಅಣ್ಣಾ, ಅದು ವಿಭೂತಿ ಅಲ್ರಿ" ಎಂದಳು ಮಗಳು. "ಅದರ ಹೊಟ್ಟ್ಯಾಗಿಂದ ಅಪ್ಪ ಕೆರದು ತಗದದ್ದು."

ಬೆರಳ ನಡುವೆ ಪುಡಿ ಕರಕರ ಎಂದಿತು. ಸುಣ್ಣ.

"ಯಾವಾಗ?"

"ನೀವು ಕೊಟ್ಟ ವಾರದಾಗೇ. ಬೇರಿಂಗ್ ಹೈದರಾಬಾದಿಂದ ತರಿಸಿದ್ರು, ಮೋಟರಿನ ಸುಟ್ಟ ತಂತಿ ವಾಡಿ ಊರಾಗ ಹೊಸದಾಗಿ ಸುತ್ತಿಸ್ಕೊಂಡು ಬಂದ್ರು. ಜುಲೈದಾಗೇ ತಯಾರಿತ್ತು." ಟವೆಲ್ಲನ್ನು ಮಡಚುತ್ತ ಮುಂದುವರಿಸಿದಳು. "ನೀವು ನೀರಿಗೆ ಬರೂದು ಬಿಟ್ಟ ಮ್ಯಾಲ ಕ್ಯಾನ್ ತುಂಬಿ ಹರೀತಿದ್ದವು. ಏಪ್ರಿಲ್‌ದಾಗೇ ನಾನೇ ಅಪ್ಪಗ ಹೇಳಿದ್ದೆ. ಇದು ಕೊಟ್ಟು ಬರ್ರಿ ಅಂತ ಎಷ್ಟು ಸಲ ಅಂದೆ. ಅವಾ ಬಂದು ಹೇಳಲಿ, ಕೊಡ್ತೀನಿ ಅಂದ್ರು."

ಅಂದರೆ ಬಕೆಟ್ಟಿನಲ್ಲಿ ಬೆರಳು ಅದ್ದುವ ಮೊದಲೇ ಅವರಿಗೆ ಗೊತ್ತಿತ್ತು. ನನ್ನ ಹೊಸ ತುಂಡು ಮೂರು ಮನೆಯ ಆಚೆ ತಯಾರಾಗಿ ಕೂತಿತ್ತು. ನಾನು ಒಂದು ಮಾತು ಹೇಳಿದ್ದರೆ ಜುಲೈಯಲ್ಲೇ ಧೂಳು ನಿಲ್ಲುತ್ತಿತ್ತು. ಅವರ ಮೇಲೆ ನನಗೆ ಸಿಟ್ಟೂ ಇದೆ. ಕಪಾಳಕ್ಕೆ ಬಾರಿಸಿ ಕೇಳಬಹುದಿತ್ತು. ಐಟಿಐ ಹುಡುಗರಿಗೆ ಕಾದರೆ ಹೋಗುವುದು ಕಬ್ಬಿಣ. ಇಲ್ಲಿ ಹೋಗುತ್ತಿದ್ದುದು ಅವರ ಉಸಿರು. ಅಷ್ಟು ದೊಡ್ಡದನ್ನು ಪಣಕ್ಕಿಟ್ಟು ಕೂರಲು ನಾನು ಯಾವ ದೊಡ್ಡ ಮನುಷ್ಯ? ಕೇಳೋಣವೆಂದರೆ ಅವರಿಲ್ಲ.

ಮಾರನೆಯ ಶನಿವಾರ ಬ್ಯಾಂಕಿನ ಹಿಂದಕ್ಕೆ ಹೋಗಿ ಎರಡೂ ಕ್ಯಾನ್ ತಂದೆ. ಗಾಳಿಯದನ್ನು ಬಿಚ್ಚಿ ಅವರದನ್ನು ಕೂಡಿಸಿ ಪೈಪು ಸಿಕ್ಕಿಸಿದೆ. ಪಂಪು ಹಾಕಿದಾಗ ನೀರು ಸ್ಪಿಂಡಲ್ಲಿನ ಹೊಟ್ಟೆ ಹೊಕ್ಕು, ಆಚೆಯಿಂದ ಬಂದು ಬಕೆಟ್ಟಿಗೆ ಬಿತ್ತು. ಎಲ್ಲಿಯೂ ತಡೆಯಲಿಲ್ಲ. ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು ಕೂತಿತ್ತು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದೆ. ಆಮೇಲೆ ಅದರ ಎದುರು ನಿಂತು, ಮೀಸೆ ಮೂಡದ ಹುಡುಗರು ನಾಲ್ಕು ದಿನದಲ್ಲಿ ಹೇಳುತ್ತಿದ್ದ ಮಾತನ್ನು, ಕೂದಲು ನೆರೆತ ನಾನು ಬಾಯಿಬಿಟ್ಟು ಹೇಳಿದೆ.

"ಸರ್, ಕೆಟ್ಟದರಿ. ನಾನೇ ಕೆಡಿಸೀನ್ರಿ."